ಎಂಜಲಾಗದ ಲಾಳಿ

ನಮ್ಮ ಅತ್ತಿಗೆಯ ಬಗ್ಗೆ ಮಗ್ಗದ ಶೆಡ್ಡಿನಲ್ಲಿ ಯಾರನ್ನಾದರೂ ಕೇಳಿ ನೋಡಿ. "ಒಳ್ಳೆ ಕೆಲಸಗಾತಿ, ಆದರೆ..." ಎಂದು ಶುರು ಮಾಡುತ್ತಾರೆ. ಆ 'ಆದರೆ' ಆದ ಮೇಲೆ ಏನೇನು ಬರುತ್ತದೆ ಎನ್ನುವುದು ನನಗೆ ಬಾಯಿಪಾಠ. ಜಂಬದವಳು, ಉಪಕಾರ ಸ್ಮರಣೆ ಇಲ್ಲದವಳು, ಸಾವಿನ ಮನೆಗೆ ಬಂದವನ ಮೇಲೆ ತಪ್ಪು ಹೊರಿಸಿ ಕಳಿಸಿದವಳು. ಹೆಸರಿಟ್ಟವರ ಬಾಯಿಂದ ಅವಳ ಕಥೆ ಕೇಳುವುದಕ್ಕಿಂತ ನನ್ನ ಬಾಯಿಂದ ಕೇಳುವುದು ವಾಸಿ. ನಾನು ಅವಳ ಪಕ್ಷ ವಹಿಸುವುದಿಲ್ಲ ಎಂದೇನೂ ಹೇಳುವುದಿಲ್ಲ. ವಹಿಸುತ್ತೇನೆ. ಅವಳು ನನ್ನ ಅಪ್ಪನನ್ನು ನೋಡಿಕೊಂಡಳು. ಅವಳ ಗಂಡ, ಅಂದರೆ ನನ್ನ ಒಡಹುಟ್ಟಿದ ಅಣ್ಣ, ನೋಡಿಕೊಳ್ಳಲಿಲ್ಲ.

ಅಣ್ಣನ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ, ಅವನಿಗೆ ಅದಕ್ಕಿಂತ ಹೆಚ್ಚಿನ ಮರ್ಯಾದೆ ಬೇಡ. ಬೇರೆ ಊರಿನಲ್ಲಿ ಕೂಲಿ ಚೆನ್ನಾಗಿದೆ ಎಂದು ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕೆಲವು ವರ್ಷ ಕಳೆದು ಆ ಸುದ್ದಿ ತಿಳಿದಾಗ ಅತ್ತಿಗೆಯ ತವರಿನವರು ಓಡಿ ಬಂದರು. ಬಟ್ಟೆಬರೆ ಕಟ್ಟಿಕೋ, ಹೊರಡು ಅಂದರು. ಅತ್ತಿಗೆ ಒಳಕೋಣೆಯ ಕಡೆ ಕೈ ತೋರಿಸಿ, "ಇವರನ್ನೂ ಕಟ್ಕೊಂಡು ಬರ್ಲಾ?" ಎಂದು ಕೇಳಿದಳು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಂದ ದಾರಿ ಹಿಡಿದರು.

ಒಳಕೋಣೆಯಲ್ಲಿದ್ದವನು ಅಪ್ಪ. ಇಡೀ ಆಯುಷ್ಯ ಮಗ್ಗದ ಮುಂದೆ ನಿಂತು ಹತ್ತಿಯ ಧೂಳು ಕುಡಿದ ಮನುಷ್ಯ. ಹಾಸಿಗೆಯಿಂದ ಬಚ್ಚಲಿಗೆ ಹೋಗಿ ಬರಬೇಕಾದರೆ ನಡುವೆ ಬಾಗಿಲ ಚೌಕಟ್ಟು ಹಿಡಿದು ನಿಂತು ಸುಧಾರಿಸಿಕೊಳ್ಳಬೇಕಿತ್ತು. ಮಲಗಿದರೆ ಉಸಿರು ಕಟ್ಟುತ್ತದೆ ಎಂದು ಗೋಡೆಗೆ ಮೂರು ದಿಂಬು ಒರಗಿಸಿ ಕೂತೇ ನಿದ್ದೆ ಮಾಡುತ್ತಿದ್ದ. ಎದೆಯಲ್ಲಿ ಕಸುವಿಲ್ಲದಿದ್ದರೂ ಬಾಯಿಗೆ ಮಾತ್ರ ಬಿಡುವಿರಲಿಲ್ಲ. ಗಂಡ ಬಿಟ್ಟು ಹೋದ ಹೆಣ್ಣಿಗೆ ಬೀದಿಯವರೆಲ್ಲ ಅಯ್ಯೋ ಪಾಪ ಅಂದರು; ಅಪ್ಪ ಕಸುಬು ಕಲಿಸಿದ. ಅಣ್ಣ ಹೋದ ಹೊಸದರಲ್ಲಿ ಅವನಿನ್ನೂ ಶೆಡ್ಡಿಗೆ ಹೋಗುತ್ತಿದ್ದ. ಸೊಸೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಬೈದು, ತಲೆಗೆ ಮೊಟಕಿ, ಒಂದು ವರ್ಷದಲ್ಲಿ ಎರಡು ಮಗ್ಗ ಓಡಿಸುವ ಹಾಗೆ ಮಾಡಿದ. ತಾನು ಕೆಲಸ ಬಿಟ್ಟ ದಿನ ತನ್ನ ಜಾಗವನ್ನೇ ಅವಳಿಗೆ ಕೊಡಿಸಿದ. ನಾನೂ ಅದೇ ಶೆಡ್ಡಿನ ಮೂಲೆಯಲ್ಲಿ ಕಂಡಿಕೆ ಸುತ್ತುವವಳು. ಕಂಡಿಕೆ ಅಂದರೆ ಬಟ್ಟೆಗೆ ಅಡ್ಡ ಹೊಗುವ ನೂಲು ಸುತ್ತಿಟ್ಟ ಗೇಣುದ್ದದ ಕಡ್ಡಿ. ನಾನು ಸುತ್ತಿ ಕೊಡುತ್ತೇನೆ, ಅತ್ತಿಗೆ ಅದನ್ನು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಹೊಟ್ಟೆಗೆ ತುಂಬಿ ನೇಯುತ್ತಾಳೆ.

ಆ ಸೋಂಕು ಊರಿಗೆ ಬಂದಾಗ ಅಪ್ಪನ ಮಾತ್ರೆ ತರಲು ಹೋಗಿದ್ದ ಅತ್ತಿಗೆಗೆ ಡಾಕ್ಟರು ಹೇಳಿದ್ದು ಒಂದೇ ಮಾತು. "ಇವರಿಗೆ ಅದು ತಗುಲಿದ್ರೆ ನಮ್ಮ ಕೈಲೂ ಏನೂ ಆಗಲ್ಲ. ತಗುಲದ ಹಾಗೆ ನೋಡ್ಕೊಳ್ಳಿ, ಅಷ್ಟೇ." ಡಾಕ್ಟರು 'ಅಷ್ಟೇ' ಎಂದು ಸಲೀಸಾಗಿ ಹೇಳಿ ಮುಂದಿನವರನ್ನು ಕರೆದರು. ಅತ್ತಿಗೆ ಆ 'ಅಷ್ಟೇ'ಯನ್ನು ತಲೆಗೆ ಹಚ್ಚಿಕೊಂಡು ಮನೆಗೆ ಬಂದಳು.

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಅಪ್ಪನ ತಟ್ಟೆ, ಲೋಟ, ಟವೆಲು ಬೇರೆಯಾದವು. ಅವಳು ಕೆಲಸದಿಂದ ಬಂದವಳೇ ಪಕ್ಕದ ಓಣಿಯಿಂದ ನೇರ ಬಚ್ಚಲಿಗೆ ಹೋಗುವಳು. ಉಟ್ಟ ಬಟ್ಟೆಯನ್ನು ಸೋಪಿನ ನೀರಿಗೆ ಹಾಕಿ, ತಲೆಗೆ ಸ್ನಾನ ಮಾಡಿ, ಬೇರೆ ಮಾಸ್ಕ್ ಕಟ್ಟಿಕೊಂಡು ಆಮೇಲೆ ಒಳಗೆ ಕಾಲಿಡುವಳು. ಅಪ್ಪನ ಕೋಣೆಯ ಕಿಟಕಿ ಹಗಲೆಲ್ಲ ತೆರೆದೇ ಇರಬೇಕು. ಬಂದವರೆಲ್ಲ ಬೀದಿಯಲ್ಲಿ ನಿಂತು ಆ ಕಿಟಕಿಯಿಂದಲೇ ಮಾತಾಡಬೇಕು. ಬಂದವರು ಅಂದರೆ ಬೇರೆ ಮನೆಯಲ್ಲಿದ್ದ ನಾನೂ ಸೇರಿದೆ.

"ನನ್ನ ಅಪ್ಪನ ಮನೆಗೆ ನಾನು ಬರೋ ಹಾಗಿಲ್ವಾ?" ಎಂದು ನಾನು ಬೀದಿಯಲ್ಲೇ ರಂಪ ಮಾಡಿದೆ.

"ಬರೋ ಹಾಗಿಲ್ಲ," ಅಂದಳು.

"ಇದನ್ನ ಹೇಳೋಕೆ ನೀನ್ಯಾರು?"

"ಅವರ ಕಫದ ಬಟ್ಟಲು ತೊಳೆಯೋಳು. ನೀನು ತೊಳೀತೀಯಾ ಹೇಳು, ಇವತ್ತೇ ಬಾಗಿಲು ತೆಗೀತೀನಿ, ನಾನು ಹೊರಗೆ ನಿಲ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಒಳಗಿಂದ ಅಪ್ಪ ಕೆಮ್ಮುತ್ತಾ ನಗುತ್ತಿದ್ದ. "ಜಗಳ ಆಡ್ರೇ, ಆಡ್ರಿ. ಹೊತ್ತು ಹೋಗಲ್ಲ ನನಗೆ," ಅಂದ. ಆಮೇಲೆ ದಿನವೂ ಕಿಟಕಿಯ ಹೊರಗೆ ನಿಂತು ಅವನ ಜೊತೆ ಹರಟುವುದು ರೂಢಿಯಾಯಿತು. ಮಳೆ ಬಂದರೆ ಕೊಡೆ ಹಿಡಿದು ನಿಲ್ಲುತ್ತಿದ್ದೆ.

ಮನೆಯನ್ನೇನೋ ಅವಳು ಬಿಗಿ ಮಾಡಿದಳು. ಶೆಡ್ಡು ಅವಳ ಮಾತು ಕೇಳಬೇಕಲ್ಲ. ನೂಲು ಒಣಗಿದರೆ ಹರಿಯುತ್ತದೆ ಎಂದು ಅಲ್ಲಿ ಕಿಟಕಿ ತೆರೆಯುವುದೇ ಇಲ್ಲ. ನೆಲಕ್ಕೆ ನೀರು ಚಿಮುಕಿಸಿ ಬಾಗಿಲು ಹಾಕಿ ಕೂಡಿಟ್ಟ ಗಾಳಿಯನ್ನೇ ಎಲ್ಲರೂ ಎಳೆದು ಎಳೆದು ಬಿಡಬೇಕು. ಮಗ್ಗಗಳ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಒಂದೋ ತುಟಿ ನೋಡಿ ತಿಳಿದುಕೊಳ್ಳಬೇಕು, ಇಲ್ಲವೇ ಕಿವಿಗೆ ಬಾಯಿ ಇಟ್ಟು ಕೂಗಬೇಕು. ಮಾಲೀಕರು ಗೇಟಿಗೆ 'ಮಾಸ್ಕ್ ಕಡ್ಡಾಯ' ಎಂದು ಹಲಗೆ ತೂಗುಹಾಕಿದರು. ಎಲ್ಲರೂ ಗೇಟಿನ ತನಕ ಮೂಗು ಮುಚ್ಚಿಕೊಂಡು ಬಂದು ಒಳಗೆ ಕಾಲಿಟ್ಟ ತಕ್ಷಣ ಗಲ್ಲಕ್ಕೆ ಇಳಿಸುವರು. ತುಟಿ ಕಾಣದಿದ್ದರೆ ಮಾತಾಡುವುದು ಹೇಗೆ? ಬಾಯಿ ಮುಚ್ಚಿದರೆ ಎಳೆ ಎಳೆಯುವುದು ಹೇಗೆ?

ಎಳೆ ಎಳೆಯುವುದು ಅಂದರೆ ಏನೆಂದು ಮಗ್ಗ ಕಾಣದವರಿಗೆ ಹೇಳಬೇಕು. ಲಾಳಿಯ ಪಕ್ಕದಲ್ಲಿ ಒಂದು ಸಣ್ಣ ತೂತು ಇದೆ, ನಾವು ಕಣ್ಣು ಅನ್ನುತ್ತೇವೆ. ಹೊಸ ಕಂಡಿಕೆ ತುಂಬಿದಾಗಲೆಲ್ಲ ನೂಲಿನ ತುದಿಯನ್ನು ಆ ಕಣ್ಣಿನಿಂದ ಹೊರಗೆ ತರಬೇಕು. ತುದಿಯನ್ನು ಒಳಗಡೆ ಕಣ್ಣಿನ ಹತ್ತಿರ ಹಿಡಿದು, ಹೊರಗಿನಿಂದ ತುಟಿ ಇಟ್ಟು ಒಂದು ಸಲ ಜೋರಾಗಿ ಉಸಿರು ಎಳೆದರೆ ಎಳೆ ಬಾಯಿಗೇ ಬರುತ್ತದೆ. ಅಪ್ಪ ಕಲಿತದ್ದೂ ಹಾಗೆ, ಕಲಿಸಿದ್ದೂ ಹಾಗೆ. ಮಗ್ಗವೊಂದಕ್ಕೆ ಎರಡು ಲಾಳಿ. ಒಂದು ಓಡುತ್ತಿದ್ದರೆ ಇನ್ನೊಂದನ್ನು ತುಂಬಿ, ಎಳೆ ಎಳೆದು ಸಿದ್ಧವಾಗಿಡಬೇಕು. ಕಂಡಿಕೆ ಮುಗಿಯಲು ಬಹಳ ಹೊತ್ತು ಬೇಡ. ಒಂದು ಪಾಳಿಯಲ್ಲಿ ಒಂದೊಂದು ಲಾಳಿಗೆ ಎಷ್ಟು ಸಲ ಮುತ್ತು ಕೊಡುತ್ತೇವೋ ಲೆಕ್ಕ ಇಟ್ಟವರಿಲ್ಲ. ಪಾಳಿ ಬದಲಾದ ಮೇಲೆ ಅದೇ ಲಾಳಿಗೆ ಇನ್ನೊಬ್ಬರ ತುಟಿ.

ಅತ್ತಿಗೆ ಮೊದಲು ಅದನ್ನು ಬಿಟ್ಟಳು. ಸಣ್ಣ ತಂತಿಯೊಂದನ್ನು ಬಗ್ಗಿಸಿ ತುದಿಯನ್ನು ಉಜ್ಜಿ ಕೊಕ್ಕೆ ಮಾಡಿಕೊಂಡಳು. ಕಣ್ಣಿನೊಳಗೆ ಅದನ್ನು ತೂರಿಸಿ ಎಳೆಯನ್ನು ಹೊರಗೆ ಎಳೆದುಕೊಳ್ಳುವಳು. ಮಾಸ್ಕ್ ಮೂಗಿನ ಮೇಲಿಂದ ಇಳಿಯುವ ಪ್ರಮೇಯವೇ ಇಲ್ಲ. ಇದೇನು ಹೊಸದಾಗಿ ಅವಳು ಕಂಡುಹಿಡಿದದ್ದಲ್ಲ, ಎಲ್ಲರೂ ಕಂಡದ್ದೇ. ಆದರೆ ಬಾಯಿಂದ ಎಳೆಯಲು ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕು, ಕೊಕ್ಕೆಗೆ ಅದರ ನಾಲ್ಕು ಪಟ್ಟು ಬೇಕು. ಅಷ್ಟರಲ್ಲಿ ಓಡುತ್ತಿದ್ದ ಲಾಳಿಯ ನೂಲು ಮುಗಿದು ಮಗ್ಗ ನಿಲ್ಲುತ್ತದೆ. ನೇಯ್ದಷ್ಟಕ್ಕೇ ಕೂಲಿ ಇರುವ ಜಾಗದಲ್ಲಿ ಯಾರಿಗೆ ಬೇಕು ಈ ಉಸಾಬರಿ? ಅವಳಿಗೆ 'ಕೊಕ್ಕೆಮ್ಮ' ಎಂದು ಹೆಸರಾಯಿತು. ಅವಳು ಅದನ್ನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಕಿವಿ ಮೇಲೆ ಹಾಕಿಕೊಂಡದ್ದು ಇನ್ನೊಂದು ವಿಷಯ. ನಮ್ಮ ಶೆಡ್ಡಿನಲ್ಲಿ ಒಂದು ನಡವಳಿಕೆ ಇದೆ. ಯಾರಾದರೂ ಪಕ್ಕಕ್ಕೆ ಹೋಗಿದ್ದಾಗ ಅವರ ಮಗ್ಗ ನಿಂತರೆ, ಹತ್ತಿರ ಇದ್ದವರು ಕಂಡಿಕೆ ತುಂಬಿ, ಎಳೆ ಎಳೆದು ಮಗ್ಗ ಹಚ್ಚಿ ಓಡಿಸಬೇಕು. ಹೇಳಬೇಕಾಗಿಲ್ಲ, ಕೇಳಬೇಕಾಗಿಲ್ಲ. ಎಷ್ಟೇ ಮುನಿಸಿದ್ದರೂ ನಿಂತ ಮಗ್ಗ ನೋಡಿ ಸುಮ್ಮನೆ ಹೋಗುವವರಿಲ್ಲ. ಅಪ್ಪ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಒಂದು ದಿನ ಊಟದ ಹೊತ್ತಿಗೆ ಮಗ್ಗಗಳೆಲ್ಲ ನಿಂತು ಮಾತು ಕೇಳುವಂತಾದಾಗ ಅತ್ತಿಗೆ ಎದ್ದು ನಿಂತಳು. "ನನ್ನ ಮಗ್ಗ ನಿಂತ್ರೂ ಪರವಾಗಿಲ್ಲ. ಇನ್ಮೇಲೆ ಯಾರೂ ಮುಟ್ಟಬೇಡಿ. ಮನೇಲಿ ಮಾವ ಇದ್ದಾರೆ. ಕೈ ಮುಗೀತೀನಿ."

ಎಲ್ಲರಿಗಿಂತ ಮೊದಲು ಬಾಯಿಬಿಟ್ಟವನು ಶಿಳ್ಳೆಯಣ್ಣ. ಅತ್ತಿಗೆಯ ಪಕ್ಕದ ಮಗ್ಗದವನು, ಅಪ್ಪನ ಜೊತೆ ವರ್ಷಗಟ್ಟಲೆ ದುಡಿದವನು. ಮಗ್ಗಗಳ ಸದ್ದನ್ನೂ ಮೀರಿ ಶಿಳ್ಳೆ ಹೊಡೆಯಬಲ್ಲ ಗಂಡಸು ಅವನೊಬ್ಬನೇ, ಅದಕ್ಕೇ ಆ ಹೆಸರು.

"ಏನು ತಂಗಿ, ನಮ್ಮ ಬಾಯೇನು ಚರಂಡಿನಾ? ನಿಮ್ಮ ಮಾವನೂ ನಾನೂ ಒಂದೇ ಲಾಳಿ ಹಂಚ್ಕೊಂಡು ಮುದುಕರಾದೋರು."

"ಅದು ಆವಾಗ ಅಣ್ಣ. ಈಗ ಕಾಯಿಲೆ ಇದೆ."

"ಕಾಯಿಲೆ ಇರೋದು ನಿನ್ನ ತಲೇಲಿ," ಅಂದ. ಎಲ್ಲರೂ ಹೋ ಎಂದು ನಕ್ಕರು. ನಾನೊಬ್ಬಳು ಅವಳ ಪರ ಎರಡು ಮಾತು ಆಡಿದೆ. ಆದರೆ ಮನೆಯವಳ ಮಾತಿಗೆ ಯಾರು ಸೊಪ್ಪು ಹಾಕುತ್ತಾರೆ?

ಆಮೇಲೆ ಅವಳು ಮೇಸ್ತ್ರಿಯ ಬೆನ್ನು ಹತ್ತಿ, ಇನ್ನೊಂದು ಪಾಳಿಯವನಿಗೆ ಬೇರೆ ಲಾಳಿ ಕೊಡಿಸಿ, ತನ್ನ ನಾಲ್ಕನ್ನೂ ಪಾಳಿ ಮುಗಿದ ಮೇಲೆ ಚೀಲದಲ್ಲಿ ಹಾಕಿಕೊಂಡು ಮನೆಗೆ ತರತೊಡಗಿದಳು. ಮರದ ಲಾಳಿಗೆ ನೀರು ತಾಗಿದರೆ ಉಬ್ಬುತ್ತದೆ, ಸೋಪು ಹಚ್ಚಿ ತೊಳೆಯುವಂತಿಲ್ಲ. ತೊಳೆಯುವ ಅಗತ್ಯವಾದರೂ ಏನಿತ್ತು? ತನ್ನ ಕೈ, ತನ್ನ ಕೊಕ್ಕೆ ಬಿಟ್ಟು ಬೇರೇನೂ ಅವುಗಳನ್ನು ಮುಟ್ಟಿಲ್ಲ. ಮೈಮೇಲಿನ ಬಟ್ಟೆಯನ್ನೇ ನಂಬದವಳು ಆ ನಾಲ್ಕು ಲಾಳಿಗಳನ್ನು ಮಾತ್ರ ನಂಬಿದಳು.

ಅಪ್ಪನಿಗೆ ಲಾಳಿ ಕಂಡು ಮಕ್ಕಳಿಗೆ ಆಟಿಕೆ ಸಿಕ್ಕ ಹಾಗಾಯಿತು. "ಕೊಡು ತಾಯಿ, ಕೂತಲ್ಲೇ ಕಂಡಿಕೆ ತುಂಬಿ ಎಳೆ ಎಳೆದಿಡ್ತೀನಿ. ಬೆಳಗ್ಗೆ ನಿನಗೆ ಅಷ್ಟು ಹಗುರ," ಅಂದ. ಅದರಿಂದ ಉಳಿಯುವ ಹೊತ್ತು ಅಷ್ಟರಲ್ಲೇ ಇತ್ತು. ಆದರೆ ಕಿಟಕಿ ನೋಡಿಕೊಂಡು ಕೂತಿದ್ದ ಮನುಷ್ಯನಿಗೆ ಕೈಗೊಂದು ಕೆಲಸ ಸಿಕ್ಕಿತಲ್ಲ ಎಂದು ಅವಳಿಗೆ ಸಂತೋಷ. ಚೀಲದಲ್ಲಿ ನಾಲ್ಕು ಹೊಸ ಕಂಡಿಕೆಯನ್ನೂ ತರತೊಡಗಿ, ಕೊಕ್ಕೆ ಹಿಡಿಯುವುದನ್ನು ತೋರಿಸಿಕೊಟ್ಟಳು. ಅಪ್ಪ ತಲೆ ಆಡಿಸಿ ಆಡಿಸಿ ಕಲಿತ. ಸೊಸೆ ಸ್ನಾನಕ್ಕೆ ಹೋದಾಗ ಚೀಲ ಬಿಚ್ಚಿಕೊಂಡು ಕೂರುವನು. ಅವಳು ಬರುವಷ್ಟರಲ್ಲಿ ನಾಲ್ಕೂ ಲಾಳಿ ಸಿದ್ಧ. "ಹೇಗಿದೆ ಮುದುಕನ ಕೈಚಳಕ?" ಎಂದು ನನ್ನ ಮುಂದೆಯೂ ಜಂಬ ಕೊಚ್ಚಿಕೊಂಡ. ನಾನು ಕಿಟಕಿಯಿಂದ ಭೇಷ್ ಎಂದೆ.

ಕೈಚಳಕ ಎಲ್ಲಿಂದ ಬರಬೇಕು? ಅಪ್ಪನ ಬೆರಳು ನಡುಗುತ್ತಿದ್ದವು, ಕಣ್ಣು ಮಂಜು. ಆ ತಂತಿ ಅಷ್ಟು ಸಣ್ಣ ತೂತಿಗೆ ಹೋಗುವುದು ಅವನಿಂದ ಆಗುವ ಕೆಲಸವಲ್ಲ. ಹಾಗೆಂದು ಒಪ್ಪಿಕೊಳ್ಳಲು ಅವನ ಮರ್ಯಾದೆ ಬಿಡಬೇಕಲ್ಲ! ಒಂದು ಸಂಜೆ ನಲ್ಲಿಯಲ್ಲಿ ನೀರು ನಿಂತು ಅತ್ತಿಗೆ ಬೇಗ ಒಳಗೆ ಬಂದಳು. ನೋಡುತ್ತಾಳೆ, ಅಪ್ಪ ಲಾಳಿಯನ್ನು ತುಟಿಗೆ ಹಚ್ಚಿಕೊಂಡು, ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಎಳೆ ಎಳೆಯುತ್ತಿದ್ದಾನೆ.

ಅವಳು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತು. ನಾನೂ ಆಗಷ್ಟೇ ಕಿಟಕಿಯ ಹೊರಗೆ ಬಂದು ನಿಂತಿದ್ದೆ. ಅಪ್ಪ ಸಾವಕಾಶವಾಗಿ ಬಾಯಿ ಒರೆಸಿಕೊಂಡ.

"ಯಾಕೆ ಕೂಗ್ತೀಯ? ಇದಕ್ಕೆ ಬೇರೆಯವರ ಬಾಯಿ ತಾಗಿದ್ಯಾ?"

"ಇಲ್ಲ."

"ನಿನ್ನ ಬಾಯಿ ತಾಗಿದ್ಯಾ?"

"ಇಲ್ಲ ಮಾವ."

"ಮತ್ತೆ? ಇರೋದು ನನ್ನ ಎಂಜಲೊಂದೇ. ನನ್ನ ಎಂಜಲು ನನಗೇ ರೋಗ ತರುತ್ತಾ?"

ಅತ್ತಿಗೆ ನನ್ನ ಕಡೆ ನೋಡಿದಳು. ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ಏನೂ ಇರಲಿಲ್ಲ. ತುಟಿಯಿಂದ ಎಳೆ ಎಳೆದ ಕ್ಷಣ ಅವನ ಮುಖದಲ್ಲಿ ಹಳೆಯ ನೇಕಾರನ ಕಳೆ ಬಂದದ್ದನ್ನು ಇಬ್ಬರೂ ಕಂಡಿದ್ದೆವು. "ಆಯ್ತು ಮಾರಾಯರೆ, ಮಾಡ್ಕೊಳ್ಳಿ. ಶೆಡ್ಡಲ್ಲಿ ನಾನು ಕೊಕ್ಕೆಯಿಂದಾನೇ ಎಳೀತೀನಿ, ನಿಮ್ಮ ಎಂಜಲು ನನಗೆ ಬೇಡ," ಎಂದು ನಗಾಡಿ ಒಳಗೆ ಹೋದಳು. ಅಪ್ಪ ಗೆದ್ದವನ ಹಾಗೆ ನನ್ನ ಕಡೆ ಹುಬ್ಬು ಹಾರಿಸಿದ.

ಅದಾದ ಮೇಲೆ ಕೆಲವು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಅಕ್ಕಪಕ್ಕದ ಬೀದಿಗಳಲ್ಲಿ ಸಾವುಗಳಾದವು. ಅಪ್ಪನ ಕೋಣೆಗೆ ಮಾತ್ರ ಅತ್ತಿಗೆ ಮತ್ತು ಕಿಟಕಿಯ ಗಾಳಿ ಬಿಟ್ಟರೆ ಬೇರೇನೂ ಹೊಗಲಿಲ್ಲ. ಅತ್ತಿಗೆಯ ಕೈಬೆರಳು ಸೋಪಿಗೆ ಬಿರಿದು ಸಿಪ್ಪೆ ಏಳುತ್ತಿತ್ತು. ತೂಕ ಇಳಿದಿದ್ದಳು. ಆದರೂ ಸಂಜೆ ಕಿಟಕಿಯ ಬಳಿ ಬಂದು ನಿಂತಾಗ, ಇವತ್ತಿನ ದಿನವೂ ಕಳೆಯಿತು ಎನ್ನುವ ಸಮಾಧಾನ ಅವಳ ಕಣ್ಣಿನಲ್ಲಿ ಕಾಣುತ್ತಿತ್ತು.

ಆಮೇಲೊಂದು ದಿನ ಶೆಡ್ಡಿನಲ್ಲಿ ಶಿಳ್ಳೆ ಕೇಳಿಸಲಿಲ್ಲ. ಅತ್ತಿಗೆ ಪಕ್ಕಕ್ಕೆ ತಿರುಗಿ ನೋಡಿದರೆ ಶಿಳ್ಳೆಯಣ್ಣನ ಕಣ್ಣು ಕೆಂಪಗಾಗಿದೆ, ಬೆವರು ಇಳಿಯುತ್ತಿದೆ, ತಡೆತಡೆದು ಕೆಮ್ಮುತ್ತಿದ್ದಾನೆ. ಊಟದ ಹೊತ್ತಿಗೆ ದೂರ ನಿಂತೇ ಕೇಳಿದಳು.

"ಅಣ್ಣ, ಜ್ವರ ಇದೆ ನಿಮಗೆ. ಮನೆಗೆ ಹೋಗಿ."

"ಧೂಳಿನ ಕೆಮ್ಮು ಕಣಮ್ಮ. ನಿಮ್ಮ ಮಾವನಿಗಿಲ್ವಾ?"

"ಜ್ವರ ಧೂಳಿಂದ ಬರಲ್ಲ."

"ನಾನು ಹೋದೆ ಅಂದ್ಕೋ, ನಾಳೆ ಬಂದು ಶೆಡ್ಡಿಗೇ ಬೀಗ ಹಾಕ್ತಾರೆ. ಇಷ್ಟು ಜನರ ಅನ್ನಕ್ಕೆ ಕಲ್ಲು ಹಾಕಿದ ಪಾಪ ನನಗೆ ಬೇಡ," ಅಂದ. ಸುತ್ತ ಕೂತವರು ತಲೆಯಾಡಿಸಿದರು. ಎಲ್ಲರಿಗಾಗಿ ಜ್ವರ ನುಂಗಿಕೊಂಡು ದುಡಿಯುವ ದೊಡ್ಡ ಮನುಷ್ಯ ಎಂಬ ಹಾಗೆ ಅವನನ್ನು ನೋಡಿದರು. ಅವನ ಪಕ್ಕದಲ್ಲೇ ಕೂತು ಊಟ ಮಾಡಿದರು.

ಅತ್ತಿಗೆಗೆ ತಡೆಯಲಾಗಲಿಲ್ಲ. ಪಾಳಿ ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಮಗ್ಗಗಳನ್ನು ಓಡಲು ಬಿಟ್ಟು, ಹೊರಗೆ ಅಂಗಳದಲ್ಲಿ ನೂಲಿನ ಮೂಟೆ ಇಳಿಸಿಕೊಳ್ಳುತ್ತಿದ್ದ ಮೇಸ್ತ್ರಿಯ ಹತ್ತಿರ ಹೋದಳು. ಶಿಳ್ಳೆಯಣ್ಣನನ್ನು ಮನೆಗೆ ಕಳಿಸಿ, ಪರೀಕ್ಷೆ ಮಾಡಿಸಿ ಎಂದು ಕೇಳಿಕೊಂಡಳು. ಮೇಸ್ತ್ರಿ ಮೂಟೆ ಎಣಿಸುವುದನ್ನು ಬಿಡಲಿಲ್ಲ. "ಕೆಮ್ಮಿದೋರನ್ನೆಲ್ಲ ಮನೆಗೆ ಕಳಿಸಿದ್ರೆ ಇಲ್ಲಿ ನಾನೂ ನೀನೂ ಇಬ್ರೇ ನೇಯ್ಬೇಕಾಗುತ್ತೆ," ಅಂದ. ಅವಳು ಬಿಡಲಿಲ್ಲ, ಅವನು ಬಗ್ಗಲಿಲ್ಲ. ಆ ವಾದದಲ್ಲಿ ಸುಮಾರು ಹೊತ್ತು ಹೋಯಿತು. ಅವಳು ಸೋತು ಒಳಗೆ ಬಂದಾಗ ಅವಳ ಎರಡೂ ಮಗ್ಗ ಓಡುತ್ತಿದ್ದವು. ನಿಂತ ಮಗ್ಗವಾದರೆ ಯಾಕೆ ನಿಂತಿತು ಎಂದು ನೋಡುತ್ತೇವೆ. ಓಡುವ ಮಗ್ಗವನ್ನು ಯಾಕೆ ಓಡುತ್ತಿದ್ದೀಯ ಎಂದು ಯಾರು ಕೇಳುತ್ತಾರೆ? ಪಾಳಿ ಮುಗಿದ ಮೇಲೆ ನಾಲ್ಕು ಲಾಳಿಗಳನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಹೊರಟಳು. ಬಚ್ಚಲಿಗೆ ಹೋಗುವ ಮುಂಚೆ ಕಿಟಕಿಯಿಂದಲೇ ಚೀಲವನ್ನು ಅಪ್ಪನ ಕೋಣೆಯೊಳಗೆ ಇಟ್ಟಳು, ದಿನವೂ ಇಡುವ ಹಾಗೆ.

ಮರುದಿನ ಶಿಳ್ಳೆಯಣ್ಣ ಕೆಲಸಕ್ಕೆ ಬರಲಿಲ್ಲ. ಉಸಿರಾಡಲಾಗದೆ ಆಸ್ಪತ್ರೆ ಸೇರಿದ ಎಂದು ಸುದ್ದಿ ಬಂತು, ಶೆಡ್ಡಿಗೆ ಬೀಗವೂ ಬಿತ್ತು. ಆ ವಾರದ ಕೊನೆಗೆ ಕಿಟಕಿಯ ಹತ್ತಿರ ಹೋದರೆ ಅಪ್ಪ ಮಾತಾಡಲಿಲ್ಲ. ದಿಂಬಿಗೆ ಒರಗಿ ಬಾಯಿ ತೆರೆದುಕೊಂಡು ಕೂತಿದ್ದ. ತುಟಿ ನೀಲಿಗಟ್ಟಿತ್ತು. ಅತ್ತಿಗೆ ಅವನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ನಾನು ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. ಅವಳು ಬೇಡ ಎನ್ನಲಿಲ್ಲ. ಅವಳು ಬೇಡ ಎನ್ನದಿದ್ದಾಗಲೇ ನನಗೆ ಎಲ್ಲ ಮುಗಿಯಿತು ಅನ್ನಿಸಿತು.

ಆಸ್ಪತ್ರೆಯವರು ಅಪ್ಪನನ್ನು ಗಾಲಿಮಂಚದಲ್ಲಿ ಒಳಗೆ ತಳ್ಳಿಕೊಂಡು ಹೋದರು, ನಮ್ಮನ್ನು ಹೊರಗೆ ನಿಲ್ಲಿಸಿದರು. ಹೋಗುವಾಗ ಅವನು ಅತ್ತಿಗೆಯ ಕಡೆ ಕೈ ಎತ್ತಿ ಏನೋ ಹೇಳಲು ನೋಡಿದ. ಶೆಡ್ಡಿನಲ್ಲಿ ತುಟಿ ಓದಿ ಪಳಗಿದವರು ನಾವು, ಆದರೂ ಆಕ್ಸಿಜನ್ನಿನ ಮುಸುಕಿನೊಳಗಿನ ತುಟಿ ಇಬ್ಬರಿಗೂ ಕಾಣಲಿಲ್ಲ. ಮೂರನೆಯ ದಿನ ಹೆಣ ಕೊಟ್ಟರು, ಅದನ್ನೂ ಕಟ್ಟಿ ಸುತ್ತಿ ಕೊಟ್ಟರು. ಮುಖ ನೋಡಲು ಸಿಗಲಿಲ್ಲ.

ನಮ್ಮಿಬ್ಬರನ್ನೂ ಪರೀಕ್ಷೆ ಮಾಡಿದ್ದರು. ಇಬ್ಬರಿಗೂ ಸೋಂಕು ಇರಲಿಲ್ಲ. ಅದೊಂದು ದೊಡ್ಡ ಒಗಟಾಗಿ ನೆಂಟರ ಬಾಯಿಗೆ ಸಿಕ್ಕಿತು. "ಅಷ್ಟು ಹಾರಾಡಿದಳು, ಮಗಳನ್ನೂ ಹೊರಗೆ ನಿಲ್ಲಿಸಿದಳು, ಏನು ಸಾಧಿಸಿದಳು?" ಎಂದರು ಕೆಲವರು. "ಹೊರಗೆ ಹೋಗಿ ಬರ್ತಿದ್ದೋಳು ಅವಳೊಬ್ಬಳೇ. ಅವಳೇ ತಂದಿರ್ತಾಳೆ, ಮೈಮೇಲೆ ಕಾಣಿಸಿಲ್ಲ ಅಷ್ಟೇ," ಎಂದರು ಇನ್ನು ಕೆಲವರು. ಅಣ್ಣ ಫೋನಿನಲ್ಲಿ ಅತ್ತ, ಬರಲಿಲ್ಲ. ಅವನೂ ಇದೇ ಮಾತು ಕೇಳಿದ, ಅಪ್ಪನಿಗೆ ಹೇಗೆ ತಗುಲಿತು ಎಂದು. ನಾನು ಫೋನಿನಲ್ಲೇ ಅವನಿಗೆ ಛೀಮಾರಿ ಹಾಕಿ ಇಟ್ಟೆ.

ಅತ್ತಿಗೆ ಯಾರಿಗೂ ಎದುರು ಹೇಳಲಿಲ್ಲ, ಅವರಂದದ್ದನ್ನು ಅವಳೂ ನಂಬಿಬಿಟ್ಟಿದ್ದಳು. "ನನ್ನಿಂದಾನೇ ಬಂದಿದ್ದು. ಎಲ್ಲೋ ಸರಿಯಾಗಿ ಕೈ ತೊಳೆದಿಲ್ಲ ನಾನು," ಎಂದು ಒಂದೇ ಸಮನೆ ಹೇಳುವಳು. ಪರೀಕ್ಷೆಯ ಮಾತು ತೆಗೆದರೆ ತಲೆ ಅಲ್ಲಾಡಿಸುವಳು. ಖಾಲಿ ಕೋಣೆಯ ಬಾಗಿಲಲ್ಲಿ ಕೂತು, ಯಾವ ದಿನ ಏನು ಮಾಡಿದೆ, ಯಾವುದನ್ನು ಮುಟ್ಟಿದೆ ಎಂದು ಹಿಂದಕ್ಕೆ ಹಿಂದಕ್ಕೆ ಹೋಗಿ ಹುಡುಕುವಳು. ನೋಡಲು ಆಗುತ್ತಿರಲಿಲ್ಲ ನನಗೆ. ಇಷ್ಟು ಮಾಡಿದವಳಿಗೆ ಸಿಕ್ಕ ಬಹುಮಾನ ಇದು.

ತಿಂಗಳು ಕಳೆದ ಮೇಲೆ, ನಾನೂ ಅಲ್ಲಿದ್ದಾಗ, ಶಿಳ್ಳೆಯಣ್ಣ ಮಾತಾಡಿಸಲು ಬಂದ. ಬದುಕಿ ಬಂದಿದ್ದ, ಅರ್ಧ ಆಳಾಗಿದ್ದ. ಅತ್ತಿಗೆ ಚಾಪೆ ಹಾಕಿ, ನೀರು ತಂದಿಟ್ಟಳು. ಅವನು ಅಪ್ಪನ ಹಳೆಯ ಕಥೆಗಳನ್ನು ಹೇಳಿದ, ಕಣ್ಣೊರೆಸಿಕೊಂಡ. ಅವನ ದುಃಖದಲ್ಲಿ ಸುಳ್ಳಿರಲಿಲ್ಲ. ಆಮೇಲೆ ಅತ್ತಿಗೆಯ ಕಡೆ ನೋಡಿ ನಕ್ಕ.

"ಅವತ್ತು ನೀನು ಮೇಸ್ತ್ರಿ ಹತ್ರ ಹೋಗಿದ್ದು ಯಾಕೆ ಅಂತ ನನಗೆ ಗೊತ್ತು ತಂಗಿ. ನನ್ನನ್ನ ಕಳಿಸಿ ಅಂತ ಹೇಳೋಕೆ ತಾನೇ?"

"ಹೌದು ಅಣ್ಣ."

"ಬೇಜಾರೇನಿಲ್ಲ ಬಿಡು. ನಿನ್ನ ಭಯ ನಿನಗೆ. ಆದ್ರೆ ನಾನು ನನ್ನ ನಡತೆ ಬಿಡ್ಲಿಲ್ಲ ನೋಡು. ನೀನು ಅತ್ಲಾಗೆ ಹೋದ ಮೇಲೆ ನಿನ್ನ ಎರಡು ಮಗ್ಗಾನೂ ನಿಂತ್ವು. ಜ್ವರದಲ್ಲಿ ತಲೆ ಸುತ್ತಿ ಬರ್ತಿತ್ತು ನನಗೆ, ಆದ್ರೂ ಎದ್ದು ಬಂದು ನಾನೇ ಹಚ್ಚಿದೆ. ನಿನ್ನ ಮಾವನ ಮಗ್ಗ ಅಲ್ವಾ? ನಿಲ್ಲೋಕೆ ಬಿಡ್ತೀನಾ?"

ಅತ್ತಿಗೆ ಅವನ ಎದುರು ಬಂದು ಕೂತಳು.

"ಎಳೆ ಹೇಗೆ ಎಳೆದ್ರಿ?" ಎಂದು ಕೇಳಿದಳು.

"ಹೇಗೆ ಎಳೀತಾರೆ? ಬಾಯಿಂದ. ನಿನ್ನ ಕೊಕ್ಕೆ ಎಲ್ಲಿ ಬರುತ್ತೆ ನನಗೆ?"

"ಎಷ್ಟು ಲಾಳಿಗೆ?"

"ನಾಲ್ಕಕ್ಕೂ. ಎರಡನ್ನ ತುಂಬಿ ಮಗ್ಗಕ್ಕೆ ಹಚ್ಚಿ, ಇನ್ನೆರಡನ್ನ ತುಂಬಿ ಇಟ್ಟೆ. ನೀನು ಬಂದಾಗ ತೊಂದ್ರೆ ಆಗ್ಬಾರ್ದು ಅಂತ."

ಅವಳು ಎಲ್ಲ ಹೇಳಿದಳು, ದನಿ ಏರಿಸದೆ. ಆ ಲಾಳಿಗಳನ್ನು ಹಾಗೇ ಮನೆಗೆ ತಂದದ್ದು, ಅದೇ ಸಂಜೆ ಮಾವ ಅವುಗಳ ಕಂಡಿಕೆ ಬದಲಿಸಿ ತುಟಿ ಇಟ್ಟು ಎಳೆ ಎಳೆದದ್ದು, ಆ ವಾರವೇ ಅವರು ಮಲಗಿದ್ದು. ಶಿಳ್ಳೆಯಣ್ಣನ ನಗು ಮುಖದಲ್ಲೇ ಉಳಿದು ಒಣಗಿತು.

"ಅಂದ್ರೆ ನಾನು ಕೊಂದೆ ಅಂತೀಯಾ?"

"ಕೊಲ್ಲಬೇಕು ಅಂತ ಮಾಡಿದ್ರಿ ಅನ್ನಲ್ಲ. ಮುಟ್ಟಬೇಡಿ ಅಂತ ಕೈ ಮುಗಿದಿದ್ದೆ. ಮುಟ್ಟಿದ್ರಿ."

"ನಾನು ಒಳ್ಳೇದು ಮಾಡೋಕೆ..."

"ಗೊತ್ತು ಅಣ್ಣ. ಮಾವನೂ ಒಳ್ಳೇದು ಮಾಡೋಕೇ ಬಾಯಿ ಇಟ್ರು. ನಾನೂ ಒಳ್ಳೇದಾಗ್ಲಿ ಅಂತಾನೇ ಅವರ ಕೈಗೆ ಕೊಟ್ಟೆ."

ಅವನು ಗೋಡೆ ಹಿಡಿದು ಎದ್ದ. ಅವಳು ತಂದಿಟ್ಟ ನೀರನ್ನು ಮುಟ್ಟದೆ ಹೊರಟುಹೋದ. ಅತ್ತಿಗೆ ಆಗ ಅತ್ತಳು. ಅಪ್ಪ ಸತ್ತಾಗ ಒಂದು ಹನಿ ಕಣ್ಣೀರು ಹಾಕದಿದ್ದವಳು, ಚಾಪೆಯ ಮೇಲೆ ಬಿದ್ದು ಗೊಳೋ ಎಂದು ಅತ್ತಳು. ನಾನಲ್ಲ, ನಾನಲ್ಲ ಎಂದು ಅತ್ತಳು. ಆ ಅಳುವಿನಲ್ಲಿ ಸ್ವಲ್ಪ ನಿರಾಳವೂ ಇತ್ತು ಎಂದು ನನಗೆ ಗೊತ್ತು, ಇದ್ದರೆ ಏನೀಗ?

ಡಾಕ್ಟರನ್ನು ಕೇಳಿದರೆ, ಈ ಸೋಂಕು ಹೆಚ್ಚಾಗಿ ಹತ್ತಿರದವರ ಉಸಿರಿನಿಂದ ಬರುತ್ತದೆ, ಇಂಥದ್ದರಿಂದಲೇ ಎಂದು ಗಂಟೆ ಹೊಡೆದ ಹಾಗೆ ಹೇಳಲಾಗುವುದಿಲ್ಲ ಅನ್ನುತ್ತಾರೆ. ಇರಬಹುದು. ಆದರೆ ಆ ಕೋಣೆಗೆ ಅವಳೊಬ್ಬಳನ್ನು ಬಿಟ್ಟು ಯಾರ ಉಸಿರೂ ಹೋಗಿರಲಿಲ್ಲ, ಅವಳಿಗೆ ಸೋಂಕೂ ಇರಲಿಲ್ಲ. ನಾನು ಆ ಚೀಲವನ್ನೇ ನಂಬುತ್ತೇನೆ.

ಶೆಡ್ಡು ಮತ್ತೆ ತೆರೆದಾಗ ನಮಗಿಂತ ಮೊದಲು ಸುದ್ದಿ ಅಲ್ಲಿಗೆ ತಲುಪಿತ್ತು. ಸಾಯುವ ಹಾಗಿದ್ದಾಗಲೂ ಪಕ್ಕದವಳ ಮಗ್ಗ ನಿಲ್ಲಲು ಬಿಡದವನಿಗೆ ಕೊಲೆಗಾರ ಅಂದಳಂತೆ. ಸಮಾಧಾನ ಹೇಳಲು ಬಂದವನಿಗೆ ನೀರೂ ಇಳಿಯದ ಹಾಗೆ ಮಾಡಿದಳಂತೆ. ಆಡಿದ ಮಾತು ಆಡಿದ ಹಾಗೆ ಒಬ್ಬರ ಬಾಯಲ್ಲೂ ಉಳಿದಿರಲಿಲ್ಲ. ನಾನು ಒಬ್ಬೊಬ್ಬರ ಕಿವಿಗೂ ಕೂಗಿ ಹೇಳಿದೆ, ನಾನಲ್ಲೇ ಇದ್ದೆ, ಅವಳು ಹಾಗೆ ಅನ್ನಲಿಲ್ಲ ಎಂದು. ನನ್ನ ಕಡೆಗೂ ಬೆನ್ನು ತಿರುಗಿತು. ಸುಮ್ಮನಿರಬೇಕಿತ್ತು ಅವಳು, ಹೋದ ಜೀವ ವಾಪಸ್ ಬರುತ್ತಾ ಎಂದು ಬುದ್ಧಿ ಹೇಳಿದವರೂ ಇದ್ದಾರೆ. ಅವಳೇ ಕೊಂದಳು ಎಂದು ಊರೆಲ್ಲ ಅಂದಾಗ ಇವರಲ್ಲಿ ಯಾರೂ ಸುಮ್ಮನಿರಲಿಲ್ಲ.

ಅತ್ತಿಗೆ ಅದೇ ಜಾಗದಲ್ಲಿ, ಅದೇ ಎರಡು ಮಗ್ಗದ ನಡುವೆ ಕೆಲಸ ಮಾಡುತ್ತಾಳೆ. ಮೊನ್ನೆ ಅವಳಿಗೆ ತಲೆಸುತ್ತು ಬಂದು ಅಂಗಳಕ್ಕೆ ಹೋಗಿ ಕೂತಳು. ನಾನು ನೀರು ಕುಡಿಸಿ, ಸ್ವಲ್ಪ ಹೊತ್ತಾದ ಮೇಲೆ ಒಳಗೆ ಕರೆದುಕೊಂಡು ಬಂದೆ. ಇಡೀ ಶೆಡ್ಡು ಧಡಧಡ ಓಡುತ್ತಿತ್ತು, ಅವಳ ಎರಡು ಮಗ್ಗ ಮಾತ್ರ ನಿಂತಿದ್ದವು. ಪಕ್ಕದಲ್ಲಿದ್ದವರು ಅತ್ತ ಮುಖ ಮಾಡಿಕೊಂಡು ನೇಯುತ್ತಿದ್ದರು. ನಾನು ಬೈಯಲು ಬಾಯಿ ತೆರೆದೆ. ಅವಳು ನನ್ನ ತೋಳು ಹಿಡಿದು, ಕಿವಿಯ ಹತ್ತಿರ ಬಂದು ಕೂಗಿದಳು.

"ಬಿಡು. ಇಷ್ಟೇ ತಾನೇ ನಾನು ಆವಾಗ ಕೇಳಿದ್ದು?"